ಮುಂದೆ ಹೊಸದು, ಹಿಂದೆ ರಿಸೋಲ್

೧೯೮೪ ಜೂನ್ ೧೧, ಸೋಮವಾರ. ಜಗಳೂರು

ಇಲ್ಲಿಗೆ ಬಂದು ಮೂರು ವರ್ಷ ಎರಡು ತಿಂಗಳಾದ ಮೇಲೆ ವರ್ಗದ ಆದೇಶ ಬಂತು. ಚನ್ನಗಿರಿಗೇ. ಹೆಂಡತಿ ರುದ್ರಾಣಿ, ಮಗಳು ಪೂರ್ಣಿ ಇರುವ ಊರಿಗೇ. ಬೆಳಿಗ್ಗೆ ಹನ್ನೊಂದಕ್ಕೆ ಕಾಗದ ಕೈಗೆ ಬಂದಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಮಧ್ಯಾಹ್ನ ಮೂರಕ್ಕೆ ಅದೇ ಕುರ್ಚಿಯಲ್ಲಿ ತಲೆ ಹಿಡಿದು ಕೂತಿದ್ದೆ.

ನನ್ನ ಜಾಗಕ್ಕೆ ಬರಬೇಕಾದ ಇಂಜಿನಿಯರು ಮಹೇಶ್ವರಪ್ಪ ಹೊನ್ನಾಳಿಯಿಂದ ಇವತ್ತೇ ಬಂದು ನೋಡಿಕೊಂಡು ಹೋದರು. ಕೆಟ್ಟವರಲ್ಲ. ಆದರೆ ಸಹಿ ಹಾಕುವ ಮುಂಚೆ ಪೆನ್ನನ್ನೂ ಅನುಮಾನದಿಂದ ನೋಡುವ ಪೈಕಿ. ಪೈಪು ಎಣಿಸಿದರು, ಸ್ಪಾನರ್ ಎಣಿಸಿದರು, ಸರಪಳಿಯ ಕೊಂಡಿ ಕೂಡ ಎಣಿಸಿದರು. ಕೊನೆಗೆ ಆಫೀಸಿನ ಹಿಂದೆ ಹೋಗಿ ಪಿಕಪ್ ನೋಡಿದರು.

ನಾಲ್ಕು ಗಾಲಿಗೂ ಎಂಜಿನ್ ಹಚ್ಚಬಹುದಾದ ಗಾಡಿ ನಮ್ಮ ಇಲಾಖೆಯಲ್ಲಿ ಈ ತಾಲ್ಲೂಕಿಗೆಲ್ಲ ಇದೊಂದೇ. ಹಳ್ಳಿಗಳಲ್ಲಿ ಕುಡಿಯುವ ನೀರಿನ ಬೋರಿಂಗು ಕೆಟ್ಟರೆ ಪೈಪು, ಸರಪಳಿ, ಪೈಪು ಎತ್ತುವ ಮೂರು ಕಾಲಿನ ಕಂಬ ಎಲ್ಲವನ್ನೂ ಹೊತ್ತು ಎರೆ ಹೊಲದ ಕಪ್ಪು ಕೆಸರಿನಲ್ಲಿ ಹೋಗುವುದು ಅದೇ. ಈಗ ಅದು ನಾಲ್ಕು ಕಲ್ಲುಗಳ ಮೇಲೆ ಕೂತಿದೆ. ಟೈರು ಸವೆದು ಒಳಗಿನ ನೂಲು ಹೊರಗೆ ಬಂದಿದೆ.

"ಜಯದೇವಪ್ಪನೋರೇ, ಓಡೋ ಗಾಡಿ ಆದ್ರೆ ಚಾರ್ಜ್ ತಗಳ್ತೀನಿ. ಕಲ್ಲಿನ ಮೇಲೆ ಕುಂತಿರೋದನ್ನ ನನ್ನ ಕುತ್ತಿಗೆಗೆ ಕಟ್ಟಬ್ಯಾಡ್ರಿ," ಅಂದು ಮೂರೂವರೆ ಬಸ್ಸಿಗೆ ಹೊರಟೇಬಿಟ್ಟರು.

ಅವರು ಚಾರ್ಜ್ ತೆಗೆದುಕೊಳ್ಳದೆ ನನಗೆ ಬಿಡುಗಡೆಯಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಬಿಡುಗಡೆಯಾಗದಿದ್ದರೆ ಚನ್ನಗಿರಿ ಜಾಗ ಬೇರೆಯವರಿಗೆ ಎಂದು ಆದೇಶದಲ್ಲೇ ಬರೆದಿದೆ. ಹೊರಡುವುದಕ್ಕೆ ನನ್ನ ಕಡೆಯಿಂದ ಏನೂ ತಡವಿಲ್ಲ. ಬಂದ ದಿನ ಮಂಚದ ಕೆಳಗೆ ತಳ್ಳಿದ ಟ್ರಂಕನ್ನು ಪೂರ್ತಿ ಬಿಚ್ಚಿಯೇ ಇಲ್ಲ. ನಾಲ್ಕು ಟೈರು ಸಿಕ್ಕರೆ ಸಾಕು.

ಜೂನ್ ೧೪, ಗುರುವಾರ

ಈ ಉಚ್ಚಂಗೆಪ್ಪನಂಥ ಡ್ರೈವರನ್ನು ಯಾವ ಜನ್ಮದ ಪಾಪಕ್ಕೆ ನನಗೆ ಕೊಟ್ಟರೋ!

ಮೇಲಿನ ಆಫೀಸಿನ ಉಗ್ರಾಣದಿಂದ ಬಳಸಿದ ಟೈರು ನಾಲ್ಕು ಕಳಿಸಿದ್ದರು. ಇನ್ನೂ ಹಲ್ಲು ಇದ್ದವು. ಹಾಕಿಸಿ ಕೈ ತೊಳೆದುಕೊಳ್ಳೋಣ ಅಂದುಕೊಂಡೆ. ಇವನು ಜೇಬಿನಿಂದ ಒಂದು ಪುಂಡಿ ನಾರಿನ ದಾರ ತೆಗೆದ. ಒಂದೊಂದು ಟೈರಿನ ಸುತ್ತಲೂ ದಾರ ಸುತ್ತಿ, ಸುಣ್ಣದಲ್ಲಿ ಗುರುತು ಹಾಕಿ, ಎದ್ದು ನಿಂತು ತಲೆ ಅಲ್ಲಾಡಿಸಿದ.

"ಬರಾದಿಲ್ಲ ಸಾಹೇಬ್ರೆ. ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಬೆರಳು ಫರಕು ಐತೆ."

"ನಾಲ್ಕು ಬೆರಳು ಹೋದ್ರೆ ಗಾಡಿ ಓಡಲ್ವೇನೋ?"

"ಓಡ್ತೈತೆ. ಟಾರು ರಸ್ತಿಯಾಗೆ ಓಡ್ತೈತೆ. ಎರೆಯಾಗೆ ನಾಲ್ಕು ಗಾಲಿಗೂ ಎಂಜಿನ್ ಹಚ್ಚಿದಾಗ ಒಂದು ಗಾಲಿ ದೂರ ನಡೀತೈತೆ, ಇನ್ನೊಂದು ಕಮ್ಮಿ ನಡೀತೈತೆ. ಒಳಗೆ ಗೇರು ಗೇರು ಜಗ್ಗಾಡ್ತಾವೆ. ಜೋಡೆತ್ತಿನಾಗೆ ಒಂದು ಕುಂಟಿದ್ರೆ ನೊಗ ಏನಾಗ್ತೈತೆ, ನೀವೇ ಹೇಳ್ರಿ."

ಡಿಪ್ಲೊಮಾ ಓದಿದವನು ನಾನು, ಪಾಠ ಹೇಳುವವನು ಅವನು. ಹೆಣ್ಣು ನೋಡಲು ಬಂದ ಬೀಗರ ಥರ ಟೈರು ನೋಡುತ್ತಾನೆ, ಒಂದೂ ಒಪ್ಪುವುದಿಲ್ಲ. ನಾಲ್ಕೂ ಹೊಸದು, ನಾಲ್ಕೂ ಒಂದೇ ಅಳತೆ ಬೇಕಂತೆ. ಕೇಳಿ ಬರೆದರೆ ಮೇಲಿನವರು ನಗುತ್ತಾರೆ.

ಜೂನ್ ೧೭, ಭಾನುವಾರ. ಚನ್ನಗಿರಿ

ಬರುವಾಗ ಸಂತೇಬೆನ್ನೂರಿನಲ್ಲಿ ಬಸ್ಸು ಪಂಕ್ಚರು. ನನ್ನ ಹಣೆಯಲ್ಲಿ ಟೈರು ಅಂತಲೇ ಬರೆದಿರಬೇಕು.

ರುದ್ರಾಣಿಗೆ ಆದೇಶ ತೋರಿಸಿದೆ. ಓದಿದಳು, ಮಡಿಚಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟಳು. ಕುಣಿಯುತ್ತಾಳೆ ಅಂದುಕೊಂಡಿದ್ದೆ. "ಬಂದಾಗ ಬಂದ್ರಿ ಅನ್ನೋಣ," ಅಂದು ಯಾರದೋ ರವಿಕೆಯ ತೋಳು ಹೊಲಿಯಲು ಕೂತಳು. ಪೂರ್ಣಿಗೆ ಈಗ ನಾಲ್ಕು ತುಂಬಿತು. ಪಕ್ಕದ ಮನೆಯ ಹುಡುಗಿ "ನಿಮ್ಮಪ್ಪ ಎಲ್ಲಿರ್ತಾನೆ?" ಅಂತ ಕೇಳಿದ್ದಕ್ಕೆ, "ಬಸ್ಸಿನಾಗೆ ಇರ್ತಾನೆ," ಅಂದಳು. ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಊಟಕ್ಕೆ ಕೂತಾಗ ಟೈರು, ಉಚ್ಚಂಗೆಪ್ಪ, ಅವನ ಪುಂಡಿ ದಾರ ಎಲ್ಲ ಹೇಳಿ ಬೈದುಕೊಂಡೆ. ರುದ್ರಾಣಿ ಕೇಳಿದ್ದು ಒಂದೇ ಮಾತು. "ದಾರ ಜಗ್ಗುತ್ತೆ ಕಣ್ರೀ. ದಾರದಾಗೆ ಅಳೆದ್ರೆ ತಪ್ಪು ಬರ್ತೈತೆ." ತನ್ನ ಹಳೆಯ ಹೊಲಿಗೆ ಟೇಪನ್ನು ಸುತ್ತಿ ನನ್ನ ಜೇಬಿಗೆ ಹಾಕಿದಳು. ಇವಳೂ ಅವನ ಪಕ್ಷ.

ಜೂನ್ ೨೬, ಮಂಗಳವಾರ

ಇಡೀ ದಿನ ಹಾಳು. ಮೇಲಿನ ಆಫೀಸು ಎರಡು ಹೊಸ ಟೈರು ಮಂಜೂರು ಮಾಡಿತು. ಉಳಿದ ಎರಡಕ್ಕೆ ಹಳೆಯದಕ್ಕೇ ಹೊಸ ರಬ್ಬರು ಹಾಕಿಸಿ ರಿಸೋಲ್ ಮಾಡಿಸಿ ಎಂದು ಅಪ್ಪಣೆ. "ಮುಂದೆ ಹೊಸದು, ಹಿಂದೆ ರಿಸೋಲ್. ಇಲಾಖೆಯ ಲಾರಿಗಳಿಗೆಲ್ಲ ಇದೇ ಕ್ರಮ," ಅಂತ ಗುಮಾಸ್ತ ಬರೆದಿದ್ದಾನೆ. ಅವನು ಗಾಡಿ ನೋಡಿದ್ದು ಫೈಲಿನಲ್ಲಿ ಮಾತ್ರ.

ನ್ಯಾಮತಿಯಲ್ಲಿ ಒಬ್ಬರ ಹತ್ತಿರ ನಮ್ಮ ಅಳತೆಯ ಗಟ್ಟಿ ಟೈರು ಇದೆ ಅಂತ ಯಾರೋ ಅಂದರು. ಹೋದೆ. ಟ್ರಾಕ್ಟರ್ ಟೈರು. ನನ್ನ ಎದೆ ಮಟ್ಟ ಬರುತ್ತಿತ್ತು. "ಟೈರು ಅಂದ್ರೆ ಟೈರು ಅಲ್ವೇನ್ರಿ?" ಅಂದ ಪುಣ್ಯಾತ್ಮ.

ಅಲ್ಲಿಂದ ಹೊನ್ನಾಳಿಗೆ, ರಿಸೋಲ್ ಮಾಡುವ ಜಂಪಣ್ಣನ ಶೆಡ್ಡಿಗೆ. ಬೆಂದ ರಬ್ಬರಿನ ವಾಸನೆಗೆ ತಲೆ ಸುತ್ತು. ವಯಸ್ಸಾದ ಮನುಷ್ಯ, ನೇರ ಮಾತು. ನಾನು ಬಸ್ಸಿನ ಮೇಲೆ ತಂದಿದ್ದ ಹಳೆಯ ಟೈರನ್ನು ಬೆರಳಲ್ಲಿ ತಟ್ಟಿ ನೋಡಿ ಕೇಳಿದ, "ಗಾಡಿ ಎಲ್ಲಿ ಓಡಾಡ್ತೈತೆ ಸಾಹೇಬ್ರೆ? ಟಾರು ರಸ್ತಿಯೋ, ಹೊಲವೋ? ಅದರ ಮೇಲೆ ಐತೆ ಹಲ್ಲು ಎಷ್ಟು ಆಳ ಕೊಯ್ಯಬೇಕು ಅನ್ನೋದು."

"ಟಾರು ರಸ್ತೆ," ಅಂದುಬಿಟ್ಟೆ. ಹೊಲ ಅಂದಿದ್ದರೆ ಆಗಲ್ಲ ಅನ್ನುತ್ತಿದ್ದ, ಇನ್ನೊಂದು ತಿಂಗಳು ಹೋಗುತ್ತಿತ್ತು.

"ಹಂಗಾದ್ರೆ ಆರು ತಿಂಗಳಿಗೆ ಮೋಸ ಇಲ್ಲ," ಅಂದ.

ಆರು ತಿಂಗಳು ಯಾರಿಗೆ ಬೇಕು? ನನಗೆ ಬೇಕಾದ್ದು ಚಾರ್ಜ್ ಕೊಡುವ ಒಂದು ದಿನ. ಆಮೇಲೆ ಮಹೇಶ್ವರಪ್ಪನವರ ಪಾಡು.

ಜುಲೈ ೩, ಮಂಗಳವಾರ. ಜಗಳೂರು

ಹಾಕಿಸಿದೆ. ಮುಂದೆ ಹೊಸದು, ಹಿಂದೆ ರಿಸೋಲ್. ಗಾಡಿ ಕಲ್ಲಿನಿಂದ ಇಳಿಯಿತು. ಉಚ್ಚಂಗೆಪ್ಪ ದಾರ ತೆಗೆಯಲೇ ಇಲ್ಲ, ನಟ್ಟು ಬಿಗಿದು ಕೈ ಒರೆಸಿಕೊಂಡು ಬೀಡಿ ಹಚ್ಚಿದ. ಮಹೇಶ್ವರಪ್ಪನವರಿಗೆ ಸೋಮವಾರ ಬನ್ನಿ ಎಂದು ಫೋನ್ ಮಾಡಿಸಿದೆ.

ಸೋಮವಾರ ಚಾರ್ಜು, ಮಂಗಳವಾರ ಚನ್ನಗಿರಿ. ಈ ಊರಿನ ಜಾಲಿ ಮುಳ್ಳಿಗೂ ಧೂಳಿಗೂ ದೊಡ್ಡ ನಮಸ್ಕಾರ.

ಜುಲೈ ೫, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಬೆಳಿಗ್ಗೆ ಕರೇಗುಂಡ್ಲ ಹಟ್ಟಿಯಿಂದ ಓಬವ್ವ ನಡೆದು ಬಂದಳು. ಅರವತ್ತರ ಮೇಲಿನ ಹೆಂಗಸು, ಆ ಹಟ್ಟಿಯ ನಲವತ್ತು ಮನೆಗೆ ಇವಳೇ ಬಾಯಿ. ಬೋರಿಂಗು ನಿಂತು ಐದು ದಿನ ಆಯ್ತಂತೆ. "ಹಳ್ಳದ ಗುಂಡಿ ನೀರು ಕುಡ್ಯಾಕೆ ಹತ್ತೀವಿ ಯಪ್ಪಾ, ಮಕ್ಕಳಿಗೆ ಭೇದಿ ಹತ್ತೈತೆ," ಅಂದಳು. ಗಾಡಿ ಬೇರೆ ಸಿದ್ಧವಾಗಿತ್ತು. ಹೋಗುವ ಮುಂಚೆ ಒಂದು ಒಳ್ಳೆಯ ಕೆಲಸ ಆಗಲಿ ಎಂದು ಪೈಪು, ಕಂಬ ಏರಿಸಿ ನಾನೇ ಹೊರಟೆ. ಓಬವ್ವ ಹಿಂದೆ ಪೈಪುಗಳ ನಡುವೆ ಕೂತಳು.

ನಿನ್ನೆಯ ಮಳೆಗೆ ಎರೆ ದಾರಿ ಕಲಸಿಟ್ಟ ಹಿಟ್ಟಾಗಿತ್ತು. ಉಚ್ಚಂಗೆಪ್ಪ ಲಿವರ್ ಎಳೆದು ನಾಲ್ಕು ಗಾಲಿಗೂ ಎಂಜಿನ್ ಹಚ್ಚಿದ. ಕೆಸರಿನಲ್ಲಿ ಚೆನ್ನಾಗಿಯೇ ಹೋಯಿತು. ಅವನ ಕಡೆ ನೋಡಿ, "ಏನಪ್ಪಾ, ನಿನ್ನ ನಾಲ್ಕು ಬೆರಳು?" ಅಂತ ಹಂಗಿಸಿದೆ ಕೂಡ. ಆಮೇಲೆ ಕಲ್ಲು ದಾರಿ ಬಂತು. ಲಿವರ್ ಬಿಡಿಸಲು ಹೋದರೆ ಬರಲಿಲ್ಲ. ಸ್ಟೇರಿಂಗು ಬಿಗಿಯಾಯಿತು. ಅವನು ನಿಲ್ಲಿಸಿ ಹಿಂದಕ್ಕೆ ತೆಗೆದು ಸಡಿಲ ಮಾಡ್ತೀನಿ ಅಂದ. ಹೊತ್ತಾಯ್ತು, ನಡಿ ನಡಿ ಅಂದವನು ನಾನು. ಎರಡು ಫರ್ಲಾಂಗು ಹೋಗುವುದರಲ್ಲಿ ಗಾಡಿಯ ಹೊಟ್ಟೆಯೊಳಗೆ ಕಬ್ಬಿಣ ಮುರಿದ ಸದ್ದು. ಗಾಡಿ ನಿಂತುಹೋಯಿತು.

ಕೆಳಗೆ ಇಳಿದು ರುದ್ರಾಣಿಯ ಟೇಪು ತೆಗೆದು ಅಳೆದೆ. ಸುತ್ತಳತೆಯಲ್ಲಿ ಮುಂದಿನದಕ್ಕಿಂತ ಹಿಂದಿನದು ಮೂರು ಅಂಗುಲ ಚಿಕ್ಕದು. ಅಳೆಯಬೇಕಾಗಿದ್ದು ಮಂಗಳವಾರ.

ಪೈಪು ಹೊತ್ತುಕೊಂಡು ಹೋಗುವ ಹಾಗಿಲ್ಲ. ಓಬವ್ವ "ನೀವು ಬರ್ರಿ, ನಡೀರಿ, ಕಣ್ಣಿಂದನಾದ್ರೂ ನೋಡ್ರಿ," ಅಂದಳು. ಬಿಸಿಲಲ್ಲಿ ಮೂರು ಮೈಲಿ ನಡೆದೆ. ಹಳ್ಳದಲ್ಲಿ ಮೊಣಕಾಲುದ್ದದ ಗುಂಡಿ, ಅದರ ಸುತ್ತ ಕೊಡಗಳ ಸಾಲು. ಒಂದು ಹುಡುಗಿ ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಬಟ್ಟೆಯಲ್ಲಿ ಸೋಸುತ್ತಿದ್ದಳು, ಪೂರ್ಣಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ನನ್ನನ್ನು ಯಾರೂ ಬೈಯಲಿಲ್ಲ. ಓಬವ್ವ ಕುಡಿಯಲು ಮಜ್ಜಿಗೆ ಕೊಟ್ಟಳು. ಆ ಮಜ್ಜಿಗೆಗೆ ಬೆರೆಸಿದ್ದು ಯಾವ ನೀರು ಎಂದು ಗೊತ್ತಿದ್ದೂ ಕುಡಿದೆ. ಬೇಡ ಅನ್ನಲು ಮುಖ ಇರಲಿಲ್ಲ.

ಜುಲೈ ೬, ಶುಕ್ರವಾರ

ಬಾಡಿಗೆ ಟ್ರಾಕ್ಟರಿನಲ್ಲಿ ಪಿಕಪ್ ಎಳೆದು ತಂದರು. ಉಚ್ಚಂಗೆಪ್ಪ ಅದೇ ನಾಲ್ಕು ಕಲ್ಲನ್ನು ಮತ್ತೆ ಗಾಡಿಯ ಕೆಳಗೆ ಇಟ್ಟ. ನಾಲ್ಕು ಮಾತು ಅಂದಿದ್ದರೆ ವಾಸಿಯಿತ್ತು.

ಜುಲೈ ೧೮, ಬುಧವಾರ

ಗೇರು ಪೆಟ್ಟಿಗೆ ರಿಪೇರಿಗೆ ಹನ್ನೆರಡು ದಿನ. ಹಟ್ಟಿಗೆ ಎತ್ತಿನ ಗಾಡಿಯಲ್ಲಿ ಎರಡು ದಿನಕ್ಕೊಮ್ಮೆ ಡ್ರಮ್ಮಿನಲ್ಲಿ ನೀರು ಕಳಿಸುತ್ತಿದ್ದೇನೆ. ಅದು ಯಾವ ಮೂಲೆಗೆ ಸಾಕು?

ಇವತ್ತು ಮೇಲಿನ ಆಫೀಸಿಗೆ ಹೋಗಿ ಕೂಗಾಡಿ ಬಂದೆ. ನಾಲ್ಕೂ ಹೊಸ ಟೈರು ಬೇಕು ಅಂದೆ. "ಒಂದೇ ಗಾಡಿಗೆ ನಾಲ್ಕು ಹೊಸದು ಕೊಟ್ಟ ಪದ್ಧತಿ ಇಲ್ಲ," ಅಂದ ಗುಮಾಸ್ತ. ಪದ್ಧತಿಯಂತೆ! ಸಾಹೇಬರ ಎದುರು ಮುರಿದ ಗೇರನ್ನು ಮೇಜಿನ ಮೇಲಿಟ್ಟೆ, ಎಣ್ಣೆ ಅವರ ಕಾಗದಕ್ಕೆ ಹತ್ತಿತು. ಜೋಡೆತ್ತು, ನೊಗ, ಕುಂಟು ಎಲ್ಲ ಹೇಳಿದೆ. ಹೇಳುವಾಗ ಎಲ್ಲೋ ಕೇಳಿದ ಮಾತು ಅನ್ನಿಸಿತು.

"ನಿಮಗೆ ವರ್ಗ ಆಗೈತಲ್ರೀ, ಇಷ್ಟ್ಯಾಕೆ ತಲಿ ಕೆಡಿಸಿಕೊಳ್ತೀರಿ?" ಅಂದರು ಸಾಹೇಬರು.

ಗಾಡಿ ಓಡದೆ ನನಗೆ ಬಿಡುಗಡೆ ಇಲ್ಲವಲ್ಲ, ಅದಕ್ಕೇ ಅಂದೆ. ಅದು ನಿಜವೇ. ಮಂಜೂರಿಗೆ ಬರೆದರು.

ಆಗಸ್ಟ್ ೨, ಗುರುವಾರ

ಉಚ್ಚಂಗೆಪ್ಪನ ಜೊತೆ ದಾವಣಗೆರೆಗೆ. ನಾಲ್ಕು ಅಂಗಡಿ ಸುತ್ತಿದೆವು. ಟೈರಿನಲ್ಲಿ ಇಷ್ಟು ತಕರಾರು ಇರುತ್ತದೆ ಎಂದು ನಲವತ್ತೊಂದು ವರ್ಷ ಗೊತ್ತಿಲ್ಲದೆ ಸುಖವಾಗಿದ್ದೆ. ಹಲ್ಲು ಆಳವಾಗಿದ್ದು ನಡುವೆ ಜಾಗ ಇದ್ದರೆ ಎರೆ ಮಣ್ಣು ಹಿಡಿಯದೆ ಉದುರುತ್ತದೆ. ತೀರ ಆಳವಾದರೆ ಕಲ್ಲು ದಾರಿಯಲ್ಲಿ ಬೇಗ ಸವೆಯುತ್ತದೆ, ಸಂದಿಗೆ ಜಲ್ಲಿ ಸಿಕ್ಕಿ ರಬ್ಬರು ಸೀಳುತ್ತದೆ. ಪಕ್ಕದ ಗೋಡೆ ತೆಳುವಾದರೆ ಜಾಲಿ ಮುಳ್ಳು ಅಲ್ಲೇ ಹೊಗುತ್ತದೆ. ಒಳಗಿನ ನೂಲಿನ ಪದರ ಆರೇ ಇದ್ದರೆ ಪೈಪಿನ ಭಾರ ತಡೆಯದು, ಎಂಟು ಬೇಕು. ನಾಲ್ಕನೆಯ ಅಂಗಡಿಯಲ್ಲಿ ಇವೆಲ್ಲ ಇದ್ದದ್ದು ಸಿಕ್ಕಿತು. ಉಚ್ಚಂಗೆಪ್ಪ ಉಗುರು ಒತ್ತಿ ನೋಡಿ, ಮೂಸಿ ನೋಡಿ, ಮೊದಲ ಸಲ ತಲೆಯನ್ನು ಮೇಲೆ ಕೆಳಗೆ ಆಡಿಸಿದ.

ನಾನು ಒಪ್ಪಲಿಲ್ಲ. ನಾಲ್ಕು ಟೈರಿನಲ್ಲಿ ಒಂದು, ಅಂಗಡಿ ಮುಂದೆ ತೋರಿಕೆಗೆ ಬಿಸಿಲಲ್ಲಿ ನೇತು ಹಾಕಿದ್ದು. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಇತ್ತು.

"ಅದೇನೂ ಆಗಲ್ಲ ಸಾರ್, ಎರಡು ವರ್ಷ ಚಿಂತಿ ಇಲ್ಲ," ಅಂದ ಅಂಗಡಿಯವನು.

"ಎರಡು ವರ್ಷ ಆದ್ಮೇಲೆ?" ಅಂದೆ.

ಅಂಗಡಿಯವನು ಉಚ್ಚಂಗೆಪ್ಪನ ಮುಖ ನೋಡಿದ. ಉಚ್ಚಂಗೆಪ್ಪ ನನ್ನ ಮುಖ ನೋಡಿದ. ಬೇರೆಯದನ್ನು ಒಂದು ವಾರದಲ್ಲಿ ತರಿಸಿಕೊಡುತ್ತಾರಂತೆ. ಇನ್ನೊಂದು ವಾರ ಹೋಯಿತು. ಬರುವಾಗ ಬಸ್ಸಿನಲ್ಲಿ ಉಚ್ಚಂಗೆಪ್ಪ ಕಡಲೆಕಾಯಿ ಕೊಡಿಸಿದ. ಇದೇನು ಹೊಸ ರೋಗ ಇವನಿಗೆ?

ಆಗಸ್ಟ್ ೯, ಗುರುವಾರ

ಹಾಕಿದೆವು. ನಾಲ್ಕೂ ಟೇಪಿನಲ್ಲಿ ಅಳೆದೆ, ಅವನು ದಾರದಲ್ಲಿ ಅಳೆದ. ಒಂದು ನೂಲಿನ ಫರಕಿಲ್ಲ. ಸ್ಟೆಪ್ನಿಗೆ ಹಳೆಯದರಲ್ಲಿ ಒಂದು. ಅದನ್ನು ಹಾಕಿದಾಗ ನಾಲ್ಕು ಗಾಲಿಯ ಲಿವರ್ ಮುಟ್ಟಬಾರದು ಎಂದು ಅದರ ಮೇಲೆ ಸುಣ್ಣದಲ್ಲಿ ಬರೆಸಿದೆ.

ನೇರ ಕರೇಗುಂಡ್ಲ ಹಟ್ಟಿ. ಎರೆ ದಾಟಿತು, ಕಲ್ಲು ದಾರಿಯಲ್ಲಿ ಲಿವರ್ ಬೆಣ್ಣೆಯ ಹಾಗೆ ಬಿಟ್ಟುಕೊಂಡಿತು. ಹತ್ತು ಪೈಪು ಎತ್ತಿ ವಾಷರು ಹಾಕಿ ಇಳಿಸಿದೆವು. ಮಧ್ಯಾಹ್ನ ಎರಡಕ್ಕೆ ನೀರು ಬಂತು. ಓಬವ್ವ ಮೊದಲ ಕೊಡವನ್ನು ತುಂಬಿ ಗಾಡಿಯ ನಾಲ್ಕು ಗಾಲಿಗೂ ಒಂದೊಂದು ಚೆಂಬು ಹಾಕಿದಳು. ಆಮೇಲೆ ನನಗೊಂದು ಚೆಂಬು ಕೊಟ್ಟಳು. ತುಂಬ ಸಿಹಿ ನೀರು. ಹೊಟ್ಟೆ ತುಂಬ ಕುಡಿದೆ.

ಆಗಸ್ಟ್ ೨೦, ಸೋಮವಾರ

ಮುಗಿಯಿತು.

ಹತ್ತು ಗಂಟೆಗೆ ಮಹೇಶ್ವರಪ್ಪ ಬಂದರು. ಮತ್ತೆ ಕೊಂಡಿ ಎಣಿಸಿದರು. ಗಾಡಿ ಹತ್ತಿ ಒಂದು ಸುತ್ತು ಹೊಡೆದರು. ಪೆನ್ನು ತೆಗೆದರು. ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಫೋನು. ಸಾಹೇಬರೇ ಮಾತಾಡಿದರು. ಅವರ ಜೀಪಿನದೂ ಅದೇ ಅಳತೆಯ ಟೈರಂತೆ. ಪಿಕಪ್ಪಿನ ಹೊಸ ಟೈರಿನಲ್ಲಿ ಎರಡು ಬಿಚ್ಚಿ ಕಳಿಸಬೇಕಂತೆ, ಜೀಪಿನ ಹಳೆಯ ಎರಡು ಇದಕ್ಕೆ ಹಾಕಬೇಕಂತೆ. "ಹಿಂದಿನವು ಕೊಡ್ರಿ ಸಾಕು. ಮುಂದೆ ಹೊಸದು ಇದ್ದೇ ಇರ್ತಾವಲ್ಲ," ಅಂದರು. ಕಳಿಸಿದರೆ ಸಂಜೆಯೇ ನನ್ನ ಬಿಡುಗಡೆಗೆ ಸಹಿಯಂತೆ.

ಮಹೇಶ್ವರಪ್ಪ ಪಿಸುಗುಟ್ಟಿದರು. "ಹೂಂ ಅನ್ರಿ. ಕಾಗದದಾಗೆ ನಾಲ್ಕು ಟೈರು ಅಂತ ಇದ್ರೆ ಆತು, ನಂದೇನೂ ತಕರಾರು ಇಲ್ಲ."

ಉಚ್ಚಂಗೆಪ್ಪ ಬಾಗಿಲಲ್ಲಿ ನಿಂತಿದ್ದ. ಏನೂ ಅನ್ನಲಿಲ್ಲ. ಮೂರು ವರ್ಷದಿಂದ ಅವನು ಅನ್ನಬೇಕಾದಾಗಲೆಲ್ಲ ಸುಮ್ಮನಿದ್ದು ನನ್ನ ಪ್ರಾಣ ತಿಂದಿದ್ದಾನೆ.

ಕೊಡುವುದಿಲ್ಲ ಅಂದೆ. ಸಾಹೇಬರು ಏನೋ ಅಂದರು. ಕೊಡುವುದಿಲ್ಲ ಅಂತ ಇನ್ನೊಂದು ಸಲ ಜೋರಾಗಿ ಅಂದೆ. ನಾನು ದೊಡ್ಡ ಮನುಷ್ಯ ಅಂತಲ್ಲ. ಸಿಟ್ಟು ಬಂತು, ಅಷ್ಟೆ. ಬಿಸಿಲಲ್ಲಿ ನಾಲ್ಕು ಅಂಗಡಿ ಸುತ್ತಿದವನು ನಾನು, ಬಿರುಕು ಹುಡುಕಿದವನು ನಾನು. ಇವರು ಕೂತಲ್ಲಿಂದ ಎರಡು ಬಿಚ್ಚು ಅಂದರೆ?

ಮಹೇಶ್ವರಪ್ಪ ಪೆನ್ನಿನ ಮುಚ್ಚಳ ಹಾಕಿದರು. ಸಂಜೆ ತಂತಿ ಬಂತು. ವರ್ಗದ ಆದೇಶ ರದ್ದು. ಚನ್ನಗಿರಿಗೆ ಬೇರೆಯವರು.

ರುದ್ರಾಣಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಹೂಂ ಅಂದಿದ್ದರೆ ನಾಳೆ ಪೂರ್ಣಿಯನ್ನು ಎತ್ತಿಕೊಂಡಿರುತ್ತಿದ್ದೆ. ಮೂರ್ಖ ನಾನು, ಶುದ್ಧ ಮೂರ್ಖ.

ಆಗಸ್ಟ್ ೨೬, ಭಾನುವಾರ. ಚನ್ನಗಿರಿ

ಹೇಳಿದೆ. ಎಲ್ಲವನ್ನೂ ಹೇಳಿದೆ. ಜಂಪಣ್ಣನಿಗೆ ಸುಳ್ಳು ಹೇಳಿದ್ದು, ಗೇರು ಮುರಿದದ್ದು, ಹಳ್ಳದ ಗುಂಡಿ, ಮಜ್ಜಿಗೆ, ಫೋನು. ರುದ್ರಾಣಿ ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ನಾನು, "ಇನ್ನೊಂದು ಆರು ತಿಂಗಳು ತಡೆದುಕೊ, ಮತ್ತೆ ಅರ್ಜಿ ಹಾಕ್ತೀನಿ," ಅಂದೆ.

ಆಗ ಮಿಷನ್ ನಿಂತಿತು.

"ಮೂರು ವರ್ಷದಿಂದ ಆರು ತಿಂಗಳು, ಆರು ತಿಂಗಳು ಅಂತೀರಿ. ಆರು ತಿಂಗಳಿಗೆ ಯಾಕೆ ಬರ್ತೀಯ, ಆರು ತಿಂಗಳಿಗೆ ಯಾಕೆ ಮನೆ ಮಾಡ್ಬೇಕು ಅಂತ ನನ್ನ ಇಲ್ಲೇ ಬಿಟ್ರಿ. ಆರು ತಿಂಗಳ ಟೈರು ಹಾಕಿ ಹಾಕಿ ಆ ಗಾಡಿನ ಕಲ್ಲಿನ ಮೇಲೆ ಕೂರಿಸಿದ್ರಿ. ನನ್ನೂ ಹಂಗೇ ಕೂರಿಸೀರಿ."

ಅವಳ ಕಣ್ಣಲ್ಲಿ ನೀರಿತ್ತು. ಅತ್ತೆ ಒಳಗಿನಿಂದ ಬಂದವರು ಹಾಗೇ ಒಳಗೆ ಹೋದರು.

ರುದ್ರಾಣಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಜಗಳೂರಿನಾಗೆ ಹೆಂಗಸರು ರವಿಕೆ ಹಾಕ್ತಾರೋ ಇಲ್ಲೋ?" ಅಂತ ಕೇಳಿದಳು.

"ಇದೆಂಥ ಪ್ರಶ್ನೆ? ಹಾಕ್ತಾರೆ."

"ಹಂಗಾದ್ರೆ ನಾನೇ ಬರ್ತೀನಿ. ಇಲ್ಲಿ ಹೊಲಿಯೋದು ಅಲ್ಲಿ ಹೊಲೀತೀನಿ. ಅಮ್ಮನ್ನ ಅಣ್ಣ ನೋಡ್ಕೊಳ್ತಾನೆ. ಮಿಷನ್ನಿಗೆ ಆ ನಾಲ್ಕು ಟೈರಿನ ಗಾಡಿ ಕಳಿಸ್ರಿ. ಎಷ್ಟು ಗಟ್ಟಿ ಐತೋ ನಾನೂ ನೋಡ್ತೀನಿ."

"ಅದು ಸರ್ಕಾರಿ ಗಾಡಿ. ಸ್ವಂತಕ್ಕೆ ಬಳಸೋ ಹಾಗಿಲ್ಲ," ಅಂದೆ.

ರುದ್ರಾಣಿ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಗುವಂಥದ್ದು ನಾನೇನು ಹೇಳಿದೆ? ನಿಯಮ ಇರುವುದೇ ಹಾಗೆ.

ಸೆಪ್ಟೆಂಬರ್ ೧೦, ಸೋಮವಾರ. ಜಗಳೂರು

ರುದ್ರಾಣಿ, ಪೂರ್ಣಿ ಬಸ್ಸಿನಲ್ಲಿ ಬಂದರು, ಹೊಲಿಗೆ ಮಿಷನ್ನು ಬಸ್ಸಿನ ಮೇಲೆ ಬಂತು. ಬರುವ ದಾರಿಯಲ್ಲಿ ಕಾಲಿನ ಪೆಡಲು ಸೊಟ್ಟಗಾಗಿದೆ. ಕಂಡಕ್ಟರನ ಜೊತೆ ಜಗಳವಾಡಿದೆ, ಪ್ರಯೋಜನವಿಲ್ಲ. ಉಚ್ಚಂಗೆಪ್ಪ ಹಟ್ಟಿಗೆ ಹೊರಟವನು ಬಸ್ ಸ್ಟ್ಯಾಂಡಿನ ಮುಂದೆ ಪಿಕಪ್ ನಿಲ್ಲಿಸಿ, "ಹಿಂದೆ ಇಡ್ರಿ ಸಾಹೇಬ್ರೆ, ಯಾರು ನೋಡ್ತಾರೆ," ಅಂದ. ನಾನು ನೋಡ್ತೀನಿ ಅಂದೆ. ಗೊಣಗುತ್ತ ಮಿಷನ್ನನ್ನು ತಲೆಯ ಮೇಲೆ ಹೊತ್ತು ಮನೆಯ ತನಕ ನಡೆದ. ನಾನು ಅವರ ಟ್ರಂಕು ಹೊತ್ತೆ.

ಮನೆಯಲ್ಲಿ ರುದ್ರಾಣಿ ಮೊದಲು ನನ್ನ ಜೇಬಿಗೆ ಕೈ ಹಾಕಿ ಟೇಪು ತೆಗೆದುಕೊಂಡಳು. ಅದು ತನ್ನದಂತೆ. ಹದಿನೈದನೇ ತಾರೀಕು ಟೈರು ಅಳೆಯಬೇಕು, ಆಮೇಲೆ ತಗೊ ಅಂದರೆ ಕೇಳಲಿಲ್ಲ. ನಾಳೆ ಇನ್ನೊಂದು ಕೊಳ್ಳಬೇಕು. ಆಮೇಲೆ ಮಂಚದ ಕೆಳಗಿನ ನನ್ನ ಹಳೆಯ ಟ್ರಂಕನ್ನು ಎಳೆದು ತಳದವರೆಗೂ ಬಿಚ್ಚಿ ಬಿಸಿಲಿಗೆ ಹಾಕಿದಳು. ನುಸಿ ಗುಳಿಗೆಯ ವಾಸನೆ ಬೀದಿಯ ತನಕ.

ಪೂರ್ಣಿ ಹೊರಗೆ ಹೋಗಿ ಆಗಲೇ ಕಾಲಿಗೆ ಜಾಲಿ ಮುಳ್ಳು ಚುಚ್ಚಿಸಿಕೊಂಡು ಬಂದಳು. ನನ್ನ ತೊಡೆಯ ಮೇಲೆ ಕೂರಿಸಿಕೊಂಡು ಮುಳ್ಳು ತೆಗೆಯುತ್ತಿದ್ದೆ. ಅಳು ನಿಲ್ಲಿಸಿ ಕೇಳಿದಳು, "ಅಪ್ಪಾ, ಇಲ್ಲಿ ನಾವು ಎಷ್ಟು ದಿನ ಇರ್ತೀವಿ?"

ಆರು ತಿಂಗಳು ಎನ್ನಲು ಬಾಯಿ ತೆರೆದೆ. ಟ್ರಂಕಿನ ಹತ್ತಿರ ರುದ್ರಾಣಿಯ ಕೈ ನಿಂತದ್ದು ಕಂಡಿತು.

"ಟೈರು ಸವೆಯೋ ತನಕ," ಅಂದೆ.

"ಟೈರು ಎಷ್ಟು ದಿನ ಬರ್ತಾವೆ?"

ಬಾಗಿಲ ಹತ್ತಿರ ಬೆವರು ಒರೆಸಿಕೊಳ್ಳುತ್ತಿದ್ದ ಉಚ್ಚಂಗೆಪ್ಪ ಹೇಳಿದ, "ನಿಮ್ಮಪ್ಪಾರು ಆರಿಸಿದ್ದು ಕಣವ್ವಾ. ಅವು ಬೇಗ ಸವೆಯಾದಿಲ್ಲ."

ಹಟ್ಟಿಗೆ ಹೊತ್ತಾಯಿತು, ಓಬವ್ವ ಕಾಯುತ್ತಿರುತ್ತಾಳೆ, ಮೊದಲು ಹೊರಡು ಎಂದು ಗದರಿಸಿ ಕಳಿಸಿದೆ.